ಯಾರ ಹೆಗಲಿಗೆ ಸೀರೆ

ದೊಡ್ಡಬಳ್ಳಾಪುರದ ನೇಕಾರ ಹೆಂಗಸು ಶಾಮಲಾಗೆ ಕೂತಲ್ಲಿ ಕೂರಲಾಗದು. ಮಗ್ಗ ಓಡುತ್ತಿದ್ದರೆ ಎಳೆ ಕಡಿಯಿತೇನೋ ಎಂಬ ದಿಗಿಲು, ನಿಂತರೆ ಕರೆಂಟು ಯಾವಾಗ ಬರುತ್ತದೋ ಎಂಬ ಚಡಪಡಿಕೆ. ಅಂಥವಳು ಹೋದ ವರ್ಷ ಕರೆಂಟು ಹೋಗಲೆಂದು ಕಾಯುತ್ತಿದ್ದಳು. ಮಗ್ಗದ ಸದ್ದು ನಿಂತರೆ ಮಗಳು ಅಕ್ಷತ ಕಾಲೇಜಿನ ಕಾದಂಬರಿ ಓದಿ ಹೇಳುತ್ತಿದ್ದಳು. ಅಮೆರಿಕದ ಕಪ್ಪು ಹೆಂಗಸೊಬ್ಬಳು ತನ್ನಂಥವರ ಬಗ್ಗೆ ತಾನೇ ಬರೆದದ್ದು, ಕನ್ನಡಕ್ಕೆ ಬಂದಿತ್ತು. ಅದರ ನಾಯಕಿ ಬಟ್ಟೆ ಒಗೆಯುವವಳು, ಕಡುಕಪ್ಪು, ಯಾರಿಗೂ ತಲೆಬಾಗದವಳು. ತಾಯಿ ಮಗಳದ್ದೂ ಅದೇ ಬಣ್ಣ. ಶಾಮಲಾ ಅವಳನ್ನು ಮನೆಯವಳಂತೆ ಹಚ್ಚಿಕೊಂಡಳು.

ಕಾಲೇಜಿನವರು ಆ ಕಥೆಯನ್ನು ಕಿರುಚಿತ್ರ ಮಾಡಲು ಹೊರಟರು. ನಾಯಕಿ ತಾನೇ ಎಂದು ಅಕ್ಷತ ನಂಬಿದ್ದಳು. ಆದರೆ ಆರಿಸಿದ್ದು ಪಕ್ಕದ ಮನೆಯ ಬೆಳ್ಳನೆಯ ಸ್ನೇಹಳನ್ನು, ಮುಖಕ್ಕೆ ಕಪ್ಪು ಬಳಿದು. ಬೆಣ್ಣೆ ಕೈಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಬುದ್ಧಿವಂತರು! ಅಕ್ಷತ ಇನ್ನು ಕಾಲೇಜಿಗೇ ಹೋಗುವುದಿಲ್ಲವೆಂದು ಮೂಲೆ ಹಿಡಿದಳು.

ಶಾಮಲಾ ಸೆರಗು ಸಿಕ್ಕಿಸಿಕೊಂಡು ಕಾಲೇಜಿಗೆ ನುಗ್ಗಿದಳು. ಚಿತ್ರ ಮಾಡುತ್ತಿದ್ದ ಮೇಷ್ಟ್ರು ಭಾನುಪ್ರಕಾಶ್ ಕೂರಿಸಿ ಕಾಫಿ ತರಿಸಿದರು. ಹೊರದೇಶದ ಸಿನಿಮಾದವರೂ ಇಂಥ ಪಾತ್ರಕ್ಕೆ ತಿಳಿಬಣ್ಣದವರನ್ನೇ ಹುಡುಕುವುದುಂಟೆಂದು ಸಮಾಧಾನ ಹೇಳಿದರು.

"ಏನ್ ಮಾಡೋದಮ್ಮ, ಕಪ್ಪಿನ್ ಮೇಲೆ ಏನೂ ಎದ್ದು ಕಾಣಲ್ಲ" ಎಂದರು.

ಹಾಗಾದರೆ ಸ್ನೇಹಳಿಗೆ ಮಸಿ ಯಾಕೆ ಎಂದು ಕೇಳಬೇಕಿತ್ತು. ಶಾಮಲಾ ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದಳು. ಮೇಷ್ಟ್ರು ಆಡಿದ್ದು ಅವಳದೇ ಮಾತು. ಅವರ ಕೇರಿಯಲ್ಲಿ ವ್ಯಾಪಾರಿ ಬಂದರೆ ಹೊಸ ಸೀರೆಯನ್ನು ಮನೆಯ ಹುಡುಗಿಯ ಹೆಗಲಿಗೆ ಹಾಕಿ ತೋರಿಸುತ್ತಾರೆ. ಶಾಮಲಾ ಮಾತ್ರ, ಕಪ್ಪಿನ ಮೇಲೆ ಬಣ್ಣ ಎದ್ದು ಕಾಣುವುದಿಲ್ಲವೆಂದು ಅಕ್ಷತಳನ್ನು ಕಳಿಸಿ ಸ್ನೇಹಳನ್ನು ಕರೆಸುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಮರುದಿನ ವ್ಯಾಪಾರಿ ಗೋವಿಂದರಾಜು ಬಂದ. ಎಲೆಹಸಿರು ಸೀರೆ ಸಿದ್ಧವಾಗಿತ್ತು. ಯಾರೂ ಹೇಳುವ ಮೊದಲೇ ಅಕ್ಷತ ಎದ್ದು, ರೂಢಿಯಂತೆ ಪಕ್ಕದ ಮನೆಯ ಕಡೆ ಹೊರಟಳು. ಶಾಮಲಾ ಅವಳ ಕೈ ಹಿಡಿದು ನಿಲ್ಲಿಸಿ ಸೀರೆಯನ್ನು ಅವಳ ಹೆಗಲಿಗೆ ಹಾಕಿದಳು.

"ಎದ್ದು ಕಾಣಲ್ಲ ಕಣಮ್ಮ" ಎಂದಳು ಅಕ್ಷತ, ತಲೆ ತಗ್ಗಿಸಿಯೇ. ಮಗ್ಗದ ಸದ್ದಿನಲ್ಲಿ ಅದು ಅಮ್ಮನಿಗೆ ಮಾತ್ರ ಕೇಳಿಸಿತು.

"ನಾನ್ ಹೇಳಿದ್ದು ಸುಳ್ಳು ಕಣೇ. ತಲೆ ಎತ್ತು."

ಅಕ್ಷತ ತಲೆ ಎತ್ತಿದಳು. ಅಮ್ಮನ ಕಡೆ ಮಾತ್ರ ನೋಡಲಿಲ್ಲ.