ಮಲ್ಲಪ್ಪ ನೇಯ್ದದ್ದು ಎಷ್ಟು ಗಜ?

ಕಳೆದ ವಾರ ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬೀಜಗಣಿತದ ಲೆಕ್ಕವೊಂದು ಆರಂಭದಲ್ಲಿಯೇ ನಿಂತುಬಿಟ್ಟಿತು. ಲೆಕ್ಕ ಕಠಿಣವಾಗಿರಲಿಲ್ಲ. ಅದರಲ್ಲಿ ಒಬ್ಬ ಮನುಷ್ಯನ ಹೆಸರಿತ್ತು, ಅಷ್ಟೆ.

ನೀಲವ್ವ ನೇಕಾರರ ಮನೆಯ ಸೊಸೆ. ಒಂದು ವರ್ಷದಿಂದ ನನ್ನಲ್ಲಿ ಗಣಿತ ಕಲಿಯುತ್ತಿದ್ದಾಳೆ. ಧಾರವಾಡದ ಟ್ರೇನಿಂಗ್ ಶಾಲೆಗೆ ಹೋಗಿ ಶಿಕ್ಷಕಿಯಾಗಿ ಮರಳಬೇಕೆಂಬುದು ಆಕೆಯ ಹಂಬಲ. ಗಂಡನ ಅಡ್ಡಿಯಿಲ್ಲ. ಅತ್ತೆ ಸಂಗವ್ವ ಮಾತ್ರ ಷರತ್ತು ಹಾಕಿದ್ದಳು: ಪರೀಕ್ಷೆ ಒಂದೇ ಸಲ. ತಪ್ಪಿದರೆ ಪಾಟಿ ಪುಸ್ತಕ ಕಟ್ಟಿಟ್ಟು ಮಗ್ಗದ ಮುಂದೆ ಕೂಡಬೇಕು. (ಗಂಡುಮಕ್ಕಳು ಮೇಲಿಂದ ಮೇಲೆ ನಪಾಸಾದರೆ ಗ್ರಹಚಾರವೆನ್ನುತ್ತೇವೆ. ಹೆಣ್ಣುಮಕ್ಕಳಿಗೆ ಏಕೆ ಒಂದೇ ಸಲ? ಈ ಅನ್ಯಾಯವನ್ನು ಇನ್ನೆಷ್ಟು ವಾರ ಬರೆಯಲಿ?)

ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಒಂದು ಕಾಗದ ಕೊಟ್ಟು, ಗಟ್ಟಿಯಾಗಿ ಓದಿ ಬಿಡಿಸೆಂದರು. ಮಲ್ಲಪ್ಪನೂ ಬಸಪ್ಪನೂ ಕೂಡಿ ಮೂವತ್ತು ಗಜ ನೇಯ್ದರು. ಬಸಪ್ಪನಿಗಿಂತ ಮಲ್ಲಪ್ಪನದು ಆರು ಗಜ ಹೆಚ್ಚು. ಹಾಗಾದರೆ ಮಲ್ಲಪ್ಪ ನೇಯ್ದದ್ದೆಷ್ಟು?

ನೀಲವ್ವ ಬಾಯಿ ತೆರೆದಳು. ಮುಚ್ಚಿದಳು. ನೆಲ ನೋಡುತ್ತ ನಿಂತಳು.

ಓದಲು ಬರುವುದಿಲ್ಲವೇ ಎಂದು ಸಾಹೇಬರು ಕೇಳಿದರು. ಕಾರಣ ನನಗೆ ಹೊಳೆದಿತ್ತು. ಆದರೆ ಪರೀಕ್ಷೆಯ ನಡುವೆ ಕಲಿಸಿದವನು ಬಾಯಿ ಹಾಕುವಂತಿಲ್ಲ. ಸಾಹೇಬರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ಆಗ ಬಾಗಿಲಲ್ಲಿ ಕುಳಿತಿದ್ದ ಸಂಗವ್ವ ಎದ್ದಳು.

"ಸಾಹೇಬ್ರ, ಆ ಕಾಗದದಾಗ ಮಲ್ಲಪ್ಪ ಅಂತ ಐತೇನ್ರಿ?"

ನಿನಗೆ ಓದು ಬರುತ್ತದೆಯೇ ಎಂದು ಸಾಹೇಬರು ಬೆರಗಾದರು.

"ನಮಗೆಲ್ಲಿ ಓದು ಬರ್ತೈತ್ರಿ. ಆಕಿ ಹಿಂಗ ತುಟಿ ಹೊಲಕೊಂಡು ನಿಂತಾಳಂದ್ರ ನನ್ನ ಮಗನ ಹೆಸರ ಬಂದಿರಬೇಕು. ಗಂಡನ ಹೆಸರು ಹ್ಯಾಂಗ ಅಂದಾಳ್ರಿ? ಒಡಪು ಹಾಕಿ ಹೇಳಂದ್ರ ಹೇಳ್ತಾಳ."

(ಮದುವೆ ಮುಂಜಿಗಳಲ್ಲಿ ನಮ್ಮ ಹೆಂಗಸರು ಪದ್ಯವೊಂದರ ಸೆರಗಿನಲ್ಲಿ ಅಡಗಿಸಿ ಗಂಡನ ಹೆಸರು ಹೇಳುತ್ತಾರಲ್ಲ, ಅದು. ಸಾಹೇಬರು ಬೇಡವೆಂದರು.)

ನೀಲವ್ವ ಖಡು ಎತ್ತಿಕೊಂಡು ಹಲಗೆಯತ್ತ ತಿರುಗಿದಳು. "ಅವರನ್ನ ಯ ಅಂತ ಹಿಡಿಯೂಣ್ರಿ," ಎಂದಳು. ಅಲ್ಲಿಂದ ಮುಂದೆ ಕೈ ತಡೆಯಲಿಲ್ಲ. ಬಸಪ್ಪನದು ಯ ಕಳೆ ಆರು. ಎರಡೂ ಕೂಡಿದರೆ ಮೂವತ್ತು. ಆದ್ದರಿಂದ ಎರಡು ಯ ಮೂವತ್ತಾರಕ್ಕೆ ಸಮ.

"ಅವರು ನೇಯ್ದದ್ದು ಹದಿನೆಂಟು ಗಜ್ರಿ."

"ಹದಿನೆಂಟ?" ಸಂಗವ್ವ ಗೊಣಗಿದಳು. "ನನ್ನ ಮಗ ಅಷ್ಟೆಲ್ಲಿ ನೇಯ್ತಾನವ್ವಾ. ಇಂವ ಬ್ಯಾರೆ ಮಲ್ಲಪ್ಪ."

ಸಾಹೇಬರೂ ನಕ್ಕರು.

ಹೆಸರೆತ್ತಿದರೆ ಗಂಡನ ಆಯುಷ್ಯ ಕುಂದುತ್ತದೆಂಬ ನಂಬಿಕೆ ತೊಲಗಬೇಕೆಂದು ಇದೇ ಅಂಕಣದಲ್ಲಿ ಬರೆದಿದ್ದೇನೆ, ಮತ್ತೆಯೂ ಬರೆಯುವೆನು. ಆದರೆ ತಪ್ಪು ನಂಬಿಕೆಯದು, ಅದನ್ನು ಹೊತ್ತವಳದಲ್ಲ. ಗೊತ್ತಿಲ್ಲದ ಸಂಖ್ಯೆಗೆ ಒಂದಕ್ಷರ ಕೊಟ್ಟು ವ್ಯವಹರಿಸುವುದನ್ನು ಗಂಡುಮಕ್ಕಳ ಶಾಲೆಯ ಹುಡುಗರಿಗೆ ಕಲಿಸಲು ನನಗೆ ತಿಂಗಳುಗಳು ಬೇಕಾಗುತ್ತವೆ. ನೀಲವ್ವನಿಗೆ ಒಂದೇ ಮಧ್ಯಾಹ್ನ ಸಾಕಾಗಿತ್ತು. ಏಕಿರಬಹುದು? ಮದುವೆಯಾದ ದಿನದಿಂದ 'ಅವರು', 'ನಮ್ಮ ಮನಿಯವರು' ಎನ್ನುತ್ತಲೇ ಸಂಸಾರ ನಡೆಸಿದವಳು ಅವಳು. ಹೆಸರಿಲ್ಲದವರೊಡನೆ ಲೆಕ್ಕ ಹಾಕುವುದು ಅವಳಿಗೆ ಹೊಸದೇ?

ಸಾಹೇಬರು ಎದ್ದು ನಿಂತು ಫಲಿತಾಂಶ ಸಾರಿದರು: "ಮಲ್ಲಪ್ಪನ ಹೆಂಡತಿ, ಪಾಸು."

ಸಂಗವ್ವ ಸೊಸೆಯ ತಲೆ ನೇವರಿಸಿದಳು. ನಾನೂ ಹಿಗ್ಗಿದೆ. ಮನೆ ಮುಟ್ಟಿದ ಮೇಲೆ ಸಾಹೇಬರ ಆ ಮಾತು ಕಿವಿಯಲ್ಲಿ ಮತ್ತೆ ಕೊರೆಯತೊಡಗಿತು.

ಗಂಡನ ಹೆಸರು ಬಾಯಿಗೆ ಬಾರದ್ದಕ್ಕೆ ನೀಲವ್ವ ನಪಾಸಾಗಬೇಕಿತ್ತೆಂದಾದರೆ, ನೀಲವ್ವನ ಹೆಸರೇ ಬಾಯಿಗೆ ಬಾರದ ಸಾಹೇಬರು ಪಾಸಾದದ್ದು ಯಾವ ಪರೀಕ್ಷೆಯಲ್ಲಿ?