ಸಪೂರ ತೋಟೆ, ದಪ್ಪ ತೋಟೆ

ಹೋದ ವಾರ ಮನೆಯ ಹಿತ್ತಾಳೆ ಸಾಮಾನುಗಳನ್ನು ರಾಶಿ ಹಾಕಿಕೊಂಡು ಹುಣಸೆಹುಳಿ ಹಚ್ಚಿ ತಿಕ್ಕಲು ಕೂತೆ. ಎರಡು ಮೇಣದಬತ್ತಿ ಕಾಲು, ಒಂದು ತಂಬಿಗೆ, ಮತ್ತೆ ನನ್ನ ಸೂಜಿ ಡಬ್ಬಿ. ಡಬ್ಬಿ ಎಂದರೆ ಅಂಗಡಿಯಿಂದ ತಂದದ್ದಲ್ಲ, ಕೋವಿಯ ತೋಟೆ. ಗುಂಡು ಹಾರಿಹೋದ ಮೇಲೆ ಉಳಿಯುತ್ತದಲ್ಲ, ಬೆರಳುದ್ದದ ಹಿತ್ತಾಳೆಯ ಕೊಳವೆ, ಅದು. ಅದರ ಬಾಯಿಗೆ ಬಟ್ಟೆಯ ಬಿರಡೆ ಹಾಕಿದ್ದೇನೆ. ವರ್ಷಗಟ್ಟಲೆ ಕಪ್ಪಾಗಿ ಕೂತಿದ್ದದ್ದು ಹುಳಿ ತಾಗಿದ ಕೂಡಲೇ ಹೊಳೆಯಿತು, ತಳದಲ್ಲಿ ಅಂಕೆ ಕಂಡಿತು. ಎರಡು, ನಾಲ್ಕು, ಮೂರು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅಕ್ಷರ ಕೂಡಿಸಲು ನನಗೆ ಹೊತ್ತು ಬೇಕು, ಅಂಕೆ ಬೇಗ ಹಿಡಿಯುತ್ತದೆ. ಅಂಕೆ ಕಂಡದ್ದೇ ತಡ, ಹಿಂದೆ ನಾನು ಕೆಲಸಕ್ಕಿದ್ದ ಮನೆಯ ಆ ಮುದುಕಿ ಕೋಲು ಕುಟ್ಟುತ್ತಾ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತ ಹಾಗಾಯಿತು. ನಾನೇನೂ ಕರೆದಿರಲಿಲ್ಲ…

ಅದು ಸೌದಿಯ ತಬೂಕ್. ಎಂಬತ್ತರ ದಶಕ ಅರ್ಧ ದಾಟಿತ್ತು. ಊರಲ್ಲಿ ಗಂಡ ಇದ್ದ, ಇದ್ದೂ ಇಲ್ಲದ ಹಾಗೆ. ಮಗಳು ಬೆಳೆದು ನಿಂತಿದ್ದಳು. ಅಡುಗೆಗೆ ಹೆಂಗಸು ಬೇಕೆಂದು ಯಾರೋ ಹೇಳಿದರು, ಹೋದೆ. ನನ್ನನ್ನು ಕರೆಸಿಕೊಂಡ ಧಣಿ, ಅಲ್ಲಿ ಕಫೀಲ್ ಎನ್ನುತ್ತಾರೆ, ಮುದುಕಿಯ ದೊಡ್ಡ ಮಗ. ಪಾಸ್‌ಪೋರ್ಟ್ ಅವನ ಕಬ್ಬಿಣದ ಕಪಾಟಿನಲ್ಲಿ, ಅಡುಗೆಮನೆ ನನ್ನ ಕೈಯಲ್ಲಿ, ಅಡುಗೆಮನೆಯ ಬಾಗಿಲು ಮುದುಕಿಯ ಕೈಯಲ್ಲಿ. ಅಲ್ಲೇ ಒಂದು ಜಮಖಾನೆ ಹಾಸಿ, ಪಕ್ಕದಲ್ಲಿ ಕೆಂಡದ ಒಲೆ ಇಟ್ಟುಕೊಂಡು ದಿನವಿಡೀ ಕೂರುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಆಪರೇಶನ್ ಮಾಡಿಸುತ್ತೇನೆಂದರೆ ಮಗನಿಗೇ ಬೈಯುತ್ತಿದ್ದಳು.

ಅವಳು ಒಂದು ದಿನವೂ ನನ್ನ ಹೆಸರು ಹೇಳಲಿಲ್ಲ. ಹಿಂದಿಯಾ ಎನ್ನುತ್ತಿದ್ದಳು, ಎಂದರೆ ಇಂಡಿಯಾದವಳು. ನಾನೂ ಅವಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಎದುರಿಗೆ ಎಲ್ಲರ ಹಾಗೆ ಮಾಮಾ ಎನ್ನುತ್ತಿದ್ದೆ, ಅಲ್ಲಿ ಹಾಗೆಂದರೆ ಅಮ್ಮ. ಮನಸ್ಸಿನಲ್ಲಿ ಮುದುಕಿಯೇ.

ಸತ್ತವರನ್ನು ಒಳ್ಳೆಯವರು ಎನ್ನಬೇಕಂತೆ. ನನಗೆ ಅದು ಬರುವುದಿಲ್ಲ. ಕಾಫಿ ಬಿಸಿ ಕಡಿಮೆಯಾದರೆ ನನ್ನ ಕಾಲ ಬುಡಕ್ಕೆ ಚೆಲ್ಲುತ್ತಿದ್ದಳು. ಅನ್ನ ಒಂದಗುಳು ಗಟ್ಟಿಯಾದರೆ ಕೋಲಿನಿಂದ ಪಾತ್ರೆ ಬಡಿಯುತ್ತಿದ್ದಳು. ನಾನು ಭಾನುವಾರ ಜಪಸರ ಹಿಡಿದರೆ ಮಾತ್ರ ಏನೂ ಹೇಳುತ್ತಿರಲಿಲ್ಲ, ಅದೊಂದು ಗುಣ ಇತ್ತು ಎನ್ನಬೇಕು. ಒಮ್ಮೆ ನಾನು ಹೊಲಿಯುತ್ತಾ ಮರೆತ ಸೂಜಿ ಅವಳ ಹಿಮ್ಮಡಿಗೆ ಹೊಕ್ಕಿತು. ಕೈಗೆ ಸಿಕ್ಕಿದ್ದನ್ನು ನನ್ನ ಬೆನ್ನಿಗೆ ಎಸೆದಳು. ಮಗನ ಕೋವಿಯ ಖಾಲಿ ತೋಟೆ. "ಇದರಲ್ಲಿ ಇಡು ನಿನ್ನ ಸೂಜಿಯನ್ನು, ನನ್ನ ಕಾಲಲ್ಲಿ ಅಲ್ಲ." ಈ ಡಬ್ಬಿ ನನಗೆ ಬಂದದ್ದು ಹಾಗೆ. ಉಡುಗೊರೆ ಎಂದು ಯಾರೂ ತಿಳಿಯಬೇಡಿ.

ಆ ಮನೆಯ ಗಂಡಸರಿಗೆ ಚಳಿಗಾಲ ಬಂದರೆ ಬೇಟೆ. ಬೇಟೆಗೆ ಕಟ್ಟುಪಾಡು ಆಗಲೂ ಇತ್ತೋ, ಆಮೇಲೆ ಬಂತೋ, ದೊಡ್ಡವರ ಮನೆಯಲ್ಲಿ ನನಗ್ಯಾರು ಹೇಳುತ್ತಾರೆ. ಗುರುವಾರ ಜೀಪಿನಲ್ಲಿ ಹೋಗಿ ಬಾಗಿದ ಕೊಂಬಿನ ಬೆಟ್ಟದ ಆಡು ಹೊಡೆದು ತರುತ್ತಿದ್ದರು. ಬಂದ ದಿನ ಮನೆಯ ಕ್ರಮ ಒಂದಿತ್ತು. ಲಿವರನ್ನು ಮೊದಲು ಹುರಿದು ಮುದುಕಿಯ ಮುಂದೆ ಇಡಬೇಕು. ಅವಳು ಒಂದು ತುಂಡು ಬಾಯಿಗೆ ಹಾಕಿದ ಮೇಲೆಯೇ ಹೊರಗಿನ ಚಾವಡಿಯಲ್ಲಿ, ಅವರ ಮಜ್ಲಿಸಿನಲ್ಲಿ, ಕೂತ ನೆಂಟರಿಗೆ ತಟ್ಟೆ ಹೋಗುವುದು. ಅವಳ ಗಂಡ ಇದ್ದಾಗಿನಿಂದ ನಡೆದು ಬಂದದ್ದು. ಅವಳಿಗೆ ಒಂದೇ ಒಂದು ಹಟ. ಗುಂಡಿನಿಂದ ಸತ್ತದ್ದು ಅವಳಿಗೆ ಬೇಡ. ಬಿದ್ದ ಪ್ರಾಣಿಯಲ್ಲಿ ಜೀವ ಇರುವಾಗಲೇ ಓಡಿ ಹೋಗಿ ಕುತ್ತಿಗೆಗೆ ಕತ್ತಿ ಹಾಕಿರಬೇಕು.

ಮೊದಲು ತೊಂದರೆ ಇರಲಿಲ್ಲ. ಮಗನ ಹಳೆಯ ಕೋವಿಗೆ ಹಾಕುತ್ತಿದ್ದದ್ದು ಈ ಸಪೂರ ತೋಟೆ, ಎರಡು ನಾಲ್ಕು ಮೂರು. ಅದನ್ನು ನೆಚ್ಚಿಕೊಂಡು ದೂರದಿಂದ ಹೊಡೆಯಲು ಅವನಿಗೆ ಧೈರ್ಯ ಇರಲಿಲ್ಲ, ಹೊಟ್ಟೆ ಎಳೆದುಕೊಂಡು ಹತ್ತಿರ ಹೋಗಬೇಕಿತ್ತು. ಹತ್ತಿರ ಹೋದವನಿಗೆ ಕತ್ತಿ ಹಾಕಲೂ ಹೊತ್ತು ಸಿಗುತ್ತದೆ. ಆ ವರ್ಷ ಅವನು ಹೊಸ ಕೋವಿ ತಂದ. ಅದರ ತೋಟೆ ದಪ್ಪ. ತಳದಲ್ಲಿ ಬಳೆ ತೊಡಿಸಿದ ಹಾಗೆ ಒಂದು ಸುತ್ತು, ಅಂಕೆ ಮುನ್ನೂರು. ಅವನ ಗೆಳೆಯರೆಲ್ಲರ ಹತ್ತಿರ ಅದೇ ಇತ್ತಂತೆ.

ಮುದುಕಿ ಎರಡನ್ನೂ ತರಿಸಿ ಎರಡು ಅಂಗೈಯಲ್ಲಿ ಇಟ್ಟುಕೊಂಡಳು. ಮಾರ್ಕೆಟಿನಲ್ಲಿ ಬದನೆ ಹಿಸುಕುವ ಹಾಗೆ ಹಿಸುಕಿದಳು. ಅವಳ ಅರಬ್ಬಿಯನ್ನು ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಈ ದಪ್ಪದ್ದು ಯಾಕೆ?"

"ಈ ಗುಡ್ಡದಲ್ಲಿ ಕೂತು ಆ ಗುಡ್ಡದ್ದನ್ನು ಬೀಳಿಸಬಹುದು ಮಾಮಾ. ಗಾಯ ಆಗಿ ಓಡುವುದೂ ಇಲ್ಲ."

"ಹಾಗಾದರೆ ಸಪೂರದ್ದು ನಡೆಯುವವನದ್ದು, ದಪ್ಪದ್ದು ಕೂರುವವನದ್ದು. ನಿನ್ನ ಅಪ್ಪ ನಡೆಯುತ್ತಿದ್ದ."

ಮಗನ ಮುಖ ಕೆಂಪಾಯಿತು. ಗುಂಡು ಬಿಡುವಾಗ ದೇವರ ಹೆಸರು ಹೇಳಿದರೆ ಸಾಕು, ಕೈಗೆ ಸಿಗುವಾಗ ಸತ್ತಿದ್ದರೂ ತಿನ್ನಬಹುದು, ಓದಿದವರು ಹೇಳುತ್ತಾರೆ ಎಂದ. "ತಿನ್ನಬಾರದು ಎಂದು ನಾನು ಹೇಳಿದೆನಾ? ನೀನು ತಿನ್ನು. ನಾನು ತಿನ್ನುವುದಿಲ್ಲ," ಎಂದಳು.

ಹೊಸ ಕೋವಿಯ ಮೊದಲ ಬೇಟೆ ಬಂತು. ಮುಂಗಾಲಿನ ಬುಡ ಇಡೀ ಜಜ್ಜಿಹೋಗಿತ್ತು. ಮೂಳೆ ಚೂರು ಆರಿಸಿ ಆರಿಸಿ ನನ್ನ ಉಗುರಿನ ಸಂದು ಹರಿಯಿತು. ಕೋವಿ ಒದ್ದು ಹೊಡೆದವನ ಹೆಗಲೂ ಊದಿತ್ತು, ಅದಕ್ಕೂ ನಾನೇ ಉಪ್ಪು ಬಿಸಿ ಮಾಡಿ ಗಂಟು ಕಟ್ಟಿ ಕೊಡಬೇಕು. ಲಿವರ್ ಹುರಿದು ಮುದುಕಿಯ ಮುಂದೆ ಇಟ್ಟೆ. ಕತ್ತಿ ಹಾಕುವ ಕೆಲಸ ಡ್ರೈವರನದ್ದು. ನಮ್ಮ ಪುತ್ತೂರು ಕಡೆಯ ಬ್ಯಾರಿ, ನನಗಿಂತ ಸಣ್ಣ ಪ್ರಾಯದವನು. "ಜೀವ ಇತ್ತು ಮಾಮಾ, ಕಾಲು ಝಾಡಿಸುತ್ತಿತ್ತು," ಎಂದ. ಮುದುಕಿ ಅವನ ಕಡೆ ಮುಖವನ್ನೂ ತಿರುಗಿಸಲಿಲ್ಲ.

"ಹಿಂದಿಯಾ, ಚರ್ಮ ಸುಲಿದದ್ದು ನೀನಲ್ಲವಾ? ಕುತ್ತಿಗೆಯ ಕೂದಲು ಒದ್ದೆ ಇತ್ತಾ, ಒಣಗಿತ್ತಾ?"

ಕೇಳಿದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಒಣಗಿತ್ತು ಎಂದೆ. ಅವಳು ತಟ್ಟೆ ದೂಡಿದಳು. ಅದು ನೆಲದಲ್ಲಿ ಜಾರಿ ಹೋಗಿ ಗೋಡೆಗೆ ಬಡಿಯಿತು. ಮಜ್ಲಿಸಿನಲ್ಲಿ ನೆಂಟರು ಕಾದರು, ಕಾದರು… ಕೊನೆಗೆ ಬರೀ ಅನ್ನ ಕೋಳಿ ಹೋಯಿತು. ಯಾಕೆಂದು ಅವರಿಗೆಲ್ಲ ಗೊತ್ತಾಯಿತು. ಆ ಊರಲ್ಲಿ ಅಂಥ ಸುದ್ದಿ ಜೀಪಿಗಿಂತ ಬೇಗ ಓಡುತ್ತದೆ.

ಡ್ರೈವರ್ ಆಮೇಲೆ ನನಗೆ ಬಿಡಿಸಿ ಹೇಳಿದ. ಜೀವ ಇರುವಾಗ ಕತ್ತಿ ಹಾಕಿದರೆ ರಕ್ತ ಚಿಮ್ಮಿ ಕುತ್ತಿಗೆ ಇಡೀ ನೆನೆಯುತ್ತದೆ. ಸತ್ತ ಮೇಲೆ ಹಾಕಿದರೆ ಬರೀ ಸೀಳು. "ಈ ಗುಡ್ಡ ಇಳಿದು ಆ ಗುಡ್ಡ ಹತ್ತುವಾಗ ಅದು ತಣ್ಣಗಾಗಿ ಆಗಿರುತ್ತದೆ ಬಾಯಮ್ಮ. ನನಗೆಂತ ರೆಕ್ಕೆ ಉಂಟಾ?"

ಅದೇ ಹೊತ್ತಿಗೆ ಊರಿಂದ ಕಾಗದ ಬಂತು. ಮಗಳಿಗೆ ಗಂಡು ಗೊತ್ತಾಗಿದೆ, ಈಸ್ಟರ್ ಕಳೆದ ಮೇಲೆ ಮದುವೆ. ಇರುವುದು ಒಬ್ಬಳೇ ಮಗಳು. ಮದುವೆಯ ಮುಂಚಿನ ದಿನ ನಮ್ಮಲ್ಲಿ ರೋಸ್ ಎಂದು ಮಾಡುತ್ತಾರೆ, ಮದುಮಗಳ ತಲೆಗೆ ತೆಂಗಿನಹಾಲು ಹಚ್ಚಿ ಮೀಯಿಸುವುದು. ಅಲ್ಲಿ ತಾಯಿ ಇಲ್ಲದಿದ್ದರೆ ಆ ಜಾಗದಲ್ಲಿ ಬೇರೆ ಯಾರು ನಿಂತರೂ ಖಾಲಿಯೇ. ನಾನು ಕಫೀಲನ ಹತ್ತಿರ ರಜೆ ಕೇಳಿದೆ. ಅವನ ಸಹಿ ಇಲ್ಲದೆ ವಿಮಾನ ಹತ್ತಲು ಬಿಡುವುದಿಲ್ಲ.

ಅವನು ಇಲ್ಲವೆನ್ನಲಿಲ್ಲ. ನಗುತ್ತಲೇ ಹೇಳಿದ. "ಈ ಗುರುವಾರ ಹೋಗುತ್ತೇವೆ. ಅಮ್ಮ ಕೇಳಿದಾಗ ಒದ್ದೆ ಇತ್ತು ಎನ್ನು. ಶನಿವಾರ ಸಹಿ ಹಾಕುತ್ತೇನೆ."

ಡ್ರೈವರನೂ ಹಿಂದೆ ಬಿದ್ದ. "ಎಂತ ಬಾಯಮ್ಮ, ಇಷ್ಟು ಯೋಚನೆ? ನಿಮ್ಮದು ಆ ಮತವೂ ಅಲ್ಲ. ಒಂದು ಮಾತಿಗೆ ನಿಮಗೆಂತ ಹೋಗುವುದು?"

"ನೀನು ದಿನಕ್ಕೆ ಹತ್ತು ಹೇಳುತ್ತೀಯಲ್ಲ, ನಿನಗೆಂತ ಬಂತು?" ಎಂದೆ.

"ನನಗೆ ವರ್ಷ ವರ್ಷ ರಜೆ ಬರುತ್ತದೆ ಮಾರಾಯ್ತಿ," ಎಂದ.

ಗುರುವಾರ ಸಂಜೆ ಆಡು ಬಂತು. ಈ ಸಲ ಪಕ್ಕೆಲುಬು ಹೋಗಿತ್ತು. ಕುತ್ತಿಗೆ ಸೀಳಿತ್ತು, ಕೂದಲು ಬೆಟ್ಟದ ಹುಲ್ಲಿನ ಹಾಗೆ ಒಣಗಿತ್ತು. ರಕ್ತವೆಲ್ಲ ಎದೆಯೊಳಗೆ ಹೆಪ್ಪುಗಟ್ಟಿ ನಿಂತಿತ್ತು. ಲಿವರ್ ತೊಳೆದೆ, ಹುರಿದೆ, ಇಟ್ಟೆ. ಕಫೀಲ್ ತಾನೇ ಬಂದು ಬಾಗಿಲಲ್ಲಿ ನಿಂತ. ಮುದುಕಿ ನನ್ನ ಮಣಿಕಟ್ಟು ಹಿಡಿದಳು. ಅವಳ ಬೆರಳಿನಲ್ಲಿ ಆ ಪ್ರಾಯದಲ್ಲೂ ಇಕ್ಕಳದ ಬಲ.

"ಹೇಳು."

ಈಗ ಕೇಳುವವರು ನನ್ನನ್ನು ಸತ್ಯವಂತೆ ಎಂದುಕೊಳ್ಳುವುದು ಬೇಡ. ಬೇರೆ ಸುಳ್ಳುಗಳನ್ನು ಎಷ್ಟೋ ಹೇಳಿದ್ದೇನೆ. ಆ ಮುದುಕಿಯ ಮೇಲೆ ಕರುಣೆಯೂ ನನಗೆ ಇರಲಿಲ್ಲ. ಆದರೆ ನಾನು ಸುಲಿದ ಪ್ರಾಣಿ, ನಾನು ತೊಳೆದ ಮಾಂಸ, ಅದು ಹೇಗಿತ್ತು ಎಂದು ಒಬ್ಬ ಗಂಡಸು ಬಾಗಿಲಲ್ಲಿ ನಿಂತು ನನಗೆ ಕಲಿಸುವುದೆಂದರೆ ನನ್ನ ಮೈ ಉರಿಯಿತು. ಅವನು ನಗುತ್ತಿದ್ದ. ಆ ನಗು ನನಗೆ ಆಗಲಿಲ್ಲ.

"ಒಣಗಿತ್ತು."

ತಟ್ಟೆ ಗೋಡೆಗೆ ಹೋಯಿತು. ಕಫೀಲ್ ಬೈಯಲಿಲ್ಲ. "ನಿನಗೆ ಊರು ಇಲ್ಲ," ಎಂದು ಒಂದೇ ಮಾತು ಹೇಳಿ ಹೊರಗೆ ಹೋದ.

ನಾನು ಮರುದಿನ ಮುದುಕಿಯ ಎದುರು ಕೂತೆ. ಮೊದಲ ಸಲ ಕೂತದ್ದು, ಅದುವರೆಗೆ ನಿಂತೇ ಮಾತು. ನಿನ್ನಿಂದಾಗಿ ನನ್ನ ರಜೆ ಹೋಯಿತು, ಮಗಳ ಮದುವೆ ಉಂಟು, ನೀನು ಹೇಳಿದರೆ ಮಗ ಸಹಿ ಹಾಕಿಯಾನು, ಹೇಳು ಎಂದೆ. ಕಾಲು ಹಿಡಿಯಲಿಲ್ಲ. ಅದೊಂದು ಬಾಕಿ ಇತ್ತು, ಅದನ್ನು ಮಾಡಲಿಲ್ಲ.

ಅವಳು ಕೆಂಡ ಕೆದಕುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು. "ಸೊಸೆಗೆ ನನ್ನ ಚಿನ್ನ ಬೇಕು. ಮಗನಿಗೆ ನನ್ನ ಬಾಯಿಂದ ಒಳ್ಳೆಯ ಮಾತು ಬೇಕು. ಡ್ರೈವರನಿಗೆ ಸಂಬಳ ಬೇಕು. ಅವರೆಲ್ಲ ನನಗೆ ಸಿಹಿಯಾದದ್ದನ್ನೇ ಹೇಳುತ್ತಾರೆ. ನೀನು ನನ್ನ ಹತ್ತಿರ ಬರುವಾಗ ಹಲ್ಲು ಕಡಿಯುತ್ತೀ. ನನಗೆ ಕಣ್ಣು ಇಲ್ಲ, ಕಿವಿ ಉಂಟು. ನನ್ನನ್ನು ಕಂಡರಾಗದವಳು ಈ ಮನೆಯಲ್ಲಿ ನೀನೊಬ್ಬಳೇ. ನಿನ್ನನ್ನು ಕಳಿಸಿ ನಾನು ಯಾರನ್ನು ಕೇಳಲಿ?"

"ಹಾಗಾದರೆ ಹೇಳುವುದಿಲ್ಲವಾ?"

"ಹೇಳುವುದಿಲ್ಲ. ಕಾಫಿ ತಾ."

ಕಾಫಿ ತಂದೆ. ಬೇಕೆಂದೇ ತಣ್ಣಗೆ ತಂದೆ. ಅವಳು ಚೆಲ್ಲಲಿಲ್ಲ, ಕುಡಿದಳು. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಮದುವೆ ಆಯಿತು. ರೋಸಿಗೆ ತೆಂಗಿನಹಾಲು ಹಚ್ಚಿದ್ದು ನನ್ನ ನಾದಿನಿ. ಫೋಟೋ ಕಳಿಸಿದ್ದರು. ಮಗಳ ತಲೆಯಿಂದ ಹಾಲು ಇಳಿಯುತ್ತಿದೆ, ಪಕ್ಕದಲ್ಲಿ ನಾದಿನಿ ನನ್ನ ಸೀರೆ ಉಟ್ಟು ನಿಂತಿದ್ದಾಳೆ. ಆ ಫೋಟೋವನ್ನು ನಾನು ಮುದುಕಿಯ ಮುಖಕ್ಕೆ ಹಿಡಿದೆ. ಕುರುಡಿಗೆ ಫೋಟೋ ತೋರಿಸಿ ಏನು ಪ್ರಯೋಜನ, ಆದರೂ ಹಿಡಿದೆ. "ಎಂತ ಅದು?" ಎಂದಳು. ಏನಿಲ್ಲ ಎಂದು ತೆಗೆದಿಟ್ಟೆ.

ದಪ್ಪ ತೋಟೆಯ ಕೋವಿ ಆಮೇಲೆ ಕಪಾಟಿನಿಂದ ಹೊರಗೆ ಬಂದದ್ದನ್ನು ನಾನು ಕಾಣಲಿಲ್ಲ. ಮುಂದಿನ ಚಳಿಗಾಲ ಮಗ ಹಳೆಯದನ್ನೇ ಹಿಡಿದು, ಏದುಸಿರು ಬಿಡುತ್ತಾ ಬೆಟ್ಟ ಹತ್ತಿದ. ಬೇಟೆ ಕಡಿಮೆ ಬಂತು. ಬಂದದ್ದರ ಕುತ್ತಿಗೆ ಒದ್ದೆ ಇತ್ತು. ಮುದುಕಿ ಪ್ರತಿ ಸಲವೂ ಕೇಳಿದಳು, ಒದ್ದೆ ಎಂದೆ, ತಿಂದಳು. ಒಂದು ಸಲವೂ ತಿರುಗಿ ಕೇಳಲಿಲ್ಲ, ನಿಜವಾ ಎನ್ನಲಿಲ್ಲ. ತಿಂದು ಬೆರಳು ಒರೆಸಿ, "ಉಪ್ಪು ಕಡಿಮೆ," ಎನ್ನುತ್ತಿದ್ದಳು.

ಕೊನೆಗೆ ಹೇಗೋ ರಜೆ ಸಿಕ್ಕಿತು, ಬಂದವಳು ಮತ್ತೆ ಹೋಗಲಿಲ್ಲ. ಹೊರಡುವ ದಿನ ಅವಳು ಮುಖ ಗೋಡೆಗೆ ಮಾಡಿ ಮಲಗಿದ್ದಳು, ನಾನೂ ಕರೆಯಲಿಲ್ಲ. ಡ್ರೈವರ್ ಮುಂದೊಮ್ಮೆ ಊರಿಗೆ ಬಂದಾಗ ಮನೆಯವರೆಗೆ ಬಂದು ಹೇಳಿದ, ಮುದುಕಿ ಹೋದಳು ಬಾಯಮ್ಮ, ಕೊನೆಕೊನೆಗೆ ಯಾವ ಮಾಂಸವನ್ನೂ ಮುಟ್ಟುತ್ತಿರಲಿಲ್ಲ, ಯಾರು ಏನು ಹೇಳಿದರೂ ಬೇಡ ಎನ್ನುತ್ತಿದ್ದಳು ಎಂದು. ನಾನು ಅವನಿಗೆ ಚಹಾ ಮಾಡಿಕೊಟ್ಟೆ. ಅಳು ಬರಲಿಲ್ಲ. ಬರುವಂಥದ್ದು ಅವಳು ಏನು ಮಾಡಿದ್ದಳು?

ಈಗ ನಾನು ಅದೇ ಮಗಳ ಮನೆಯಲ್ಲಿ ಇದ್ದೇನೆ. ತಿಕ್ಕಿದ ತೋಟೆಯನ್ನು ಒರೆಸಿ ಸೂಜಿಗಳನ್ನು ಒಳಗೆ ಹಾಕುತ್ತಿದ್ದಾಗ ಮಗಳು ಸೌಟಿನಲ್ಲಿ ಕೋಳಿ ಸಾರು ತಂದಳು. ಅಂದು ಅವಳ ಗಂಡನ ಕಡೆಯವರು ಊಟಕ್ಕೆ ಬಂದಿದ್ದರು.

"ಮಾಂಯ್, ನೋಡಿ, ಸರಿ ಉಂಟಾ?"

ಉಪ್ಪು ಜಾಸ್ತಿಯಾಗಿದೆ ಎಂದೆ. "ನಿಮಗೆ ಎಂತ ಕೊಟ್ಟರೂ ಒಂದು ತಪ್ಪು ಇದ್ದೇ ಇದೆ," ಎಂದು ಸೌಟು ಎಳೆದುಕೊಂಡು ಹೋದಳು. ಹಾಗೆಯೇ ಎಲ್ಲರಿಗೂ ಬಡಿಸಿದಳು. ಬಂದವರು ಒಳ್ಳೆಯದಾಗಿದೆ ಎಂದು ನೀರು ಕುಡಿದು ಕುಡಿದು ಉಂಡರು.

ನಾನು ಹೇಳಿದೆನೆಂದು ತಟ್ಟೆ ದೂಡುವವರು ಈಗ ಯಾರೂ ಇಲ್ಲ.