ಬೆರಳಿಗೆ ಸಿಕ್ಕಿಕೊಂಡ ಹಸಿರು ಕಪ್ಪು

ನನ್ನ ಓರಗಿತ್ತಿ ಹೊಲಿಗೆಯವಳು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವಳ ಮಿಷನ್ನು ಓಡಿದರೆ ಈ ಕಡೆ ನನ್ನ ಕನ್ನಡಿ ನಡುಗುತ್ತದೆ. ಬೀದಿಯ ಮಕ್ಕಳು ಅವಳನ್ನು ಕಪ್ಪುಬಸಿ ಚಿಕ್ಕಮ್ಮ ಎಂದು ಎದುರಿಗೇ ಕರೆಯುತ್ತವೆ, ಅವಳೂ ಓಗೊಡುತ್ತಾಳೆ. ಹಳೆಯ ಟೀ ಸೆಟ್ಟುಗಳನ್ನು ಕೂಡಿಹಾಕುವ ಹುಚ್ಚು ಅವಳಿಗೆ. ಬೇರೆ ಹೆಂಗಸರ ಕಾಲು ಒಡವೆ ಅಂಗಡಿಯ ಮುಂದೆ ನಿಧಾನವಾದರೆ ಇವಳದು ಹಳೇ ಸಾಮಾನಿನ ಅಂಗಡಿಯ ಮುಂದೆ.

ನಾನಾದರೋ ಮೊದಲಿನಿಂದ ಸ್ಟೀಲ್ ಲೋಟದವಳು. ಬಿದ್ದರೆ ಸೊಟ್ಟಗಾಗುತ್ತದೆ ಅಷ್ಟೆ, ಕೂತು ಅಳಬೇಕಾಗಿಲ್ಲ. ಇದನ್ನು ಅವಳಿಗೆ ಎಷ್ಟು ಸಲ ಹೇಳಿದ್ದೇನೋ. ನಾನು ಲೋಟ ಎತ್ತಿದಾಗಲೆಲ್ಲ ಅವಳು, ಬರಿಗಾಲಲ್ಲಿ ಮುಳ್ಳು ತುಳಿಯುವವರನ್ನು ನೋಡಿದ ಹಾಗೆ ಮುಖ ಕಿವುಚುತ್ತಾಳೆ.

ಸೆಟ್ಟು ಆರಿಸುವುದಕ್ಕೆ ಅವಳದೇ ಒಂದು ಕ್ರಮ. ಬಂಗಾರದ ಅಂಚಿಗೆ, ಹೂವಿನ ಚಿತ್ರಕ್ಕೆ ಮರುಳಾಗುವವಳಲ್ಲ. ಮೊದಲು ಕಪ್ಪಿನ ಅಂಚನ್ನು ಉಗುರಿನಿಂದ ತಟ್ಟಿ ಕಿವಿಗೊಡುತ್ತಾಳೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಸದ್ದು ಮಂಕಾಗುತ್ತದಂತೆ. ಆಮೇಲೆ ಟೀ ಪಾಟಿಗೆ ನೀರು ತುಂಬಿಸಿ ಬಗ್ಗಿಸುತ್ತಾಳೆ. ಮೂತಿಯಿಂದ ಒಂದು ಹನಿ ಕೆಳಗೆ ಜಾರಿದರೂ ಸಾಕು, ಜೊಲ್ಲು ಸುರಿಸುತ್ತೆ ಎಂದು ಪಕ್ಕಕ್ಕೆ ಸರಿಸುತ್ತಾಳೆ. ಕೊನೆಯದು ಬೆರಳಿನ ಪರೀಕ್ಷೆ. ಕತ್ತರಿ ಹಿಡಿದು ಹಿಡಿದು ಅವಳ ತೋರುಬೆರಳು ದಪ್ಪಗಾಗಿದೆ. ಆ ಬೆರಳು ಹಿಡಿಕೆಯೊಳಗೆ ಸಲೀಸಾಗಿ ಹೋಗಿ ಬರದಿದ್ದರೆ ಅದು ಅರಮನೆಯ ಕಪ್ಪಾದರೂ ಅವಳಿಗೆ ಬೇಡ.

ಮೈದುನ ಬಡಗಿ. ಹೆಂಡತಿ ಕೇಳಿದಾಗಲೆಲ್ಲ ಗೋಡೆಗೆ ಹಲಗೆ ಹೊಡೆದುಕೊಟ್ಟ. ಹಲಗೆಗಳು ಬಾಗಿಲಿನ ಮೇಲಕ್ಕೂ ಹತ್ತಿದವು, ಬಟ್ಟೆಯ ಬೀರುವಿಗೂ ಕಪ್ಪುಗಳು ನುಗ್ಗಿದವು. ಒಂದು ಬೆಳಿಗ್ಗೆ ಅವನು ಅಂಗಿಗೆಂದು ಕೈ ಹಾಕಿದರೆ ಸಕ್ಕರೆ ಬಟ್ಟಲು ಬಂತು. ಅವತ್ತೇ ಕಟ್ಟಪ್ಪಣೆಯಾಯಿತು. ಈ ಮನೆಗೆ ಇನ್ನು ಹಲಗೆ ಹೊಡೆಯುವುದಿಲ್ಲ. ಮೊದಲು ಒಂದು ಸೆಟ್ಟು ಹೊರಗೆ ಹೋಗಬೇಕು, ಆಮೇಲೆ ಇನ್ನೊಂದನ್ನು ಕೊಳ್ಳಬೇಕು. ಅವಳು ಮಿಷನ್ನಿನ ಮೇಲೆ ಕೈಯಿಟ್ಟು ಒಪ್ಪಿದಳು. ಮಾತಿಗೆ ನಾಲ್ಕು ಬಣ್ಣ ಹಚ್ಚುವವಳೇ ಆದರೂ ಮಿಷನ್ನಿನ ಮೇಲೆ ಕೈಯಿಟ್ಟರೆ ತಪ್ಪುವವಳಲ್ಲ.

ಹೀಗಿರುವಾಗ ಒಂದು ದಿನ ನನ್ನ ಛತ್ರಿಯ ಕಡ್ಡಿ ಮುರಿದಿತ್ತೆಂದು ರಿಪೇರಿಯವನನ್ನು ಹುಡುಕಿಕೊಂಡು ಇಬ್ಬರೂ ಪೇಟೆಗೆ ಹೊರಟೆವು. ಛತ್ರಿ ರಿಪೇರಿಯವನು ಸಿಗಲಿಲ್ಲ, ಹಳೇ ಸಾಮಾನಿನ ಅಂಗಡಿ ಸಿಕ್ಕಿತು. ಸುಮ್ಮನೆ ನೋಡಿ ಬರೋಣ ಎಂದಳು. ಒಳಗೆ ಹೋದವಳು ಒಂದು ಮೇಜಿನ ಮುಂದೆ ನಿಂತುಬಿಟ್ಟಳು.

ತಿಳಿಹಸಿರು ಸೆಟ್ಟು. ಹಿಡಿಕೆಗಳು ಮರದ ಕಡ್ಡಿಯ ಹಾಗೆ, ನಡುನಡುವೆ ಸಣ್ಣ ಗಂಟು. ನೋಡಿದ ತಕ್ಷಣ ನನಗೂ ಗುರುತು ಹತ್ತಿತು. ಅವಳ ತಾಯಿ ಒಬ್ಬ ಡಾಕ್ಟರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. ಆ ಮನೆಯ ಗಾಜಿನ ಬೀರುವಿನಲ್ಲಿ ಇಂಥದೇ ಸೆಟ್ಟಿತ್ತು. ಒಂದು ದಿನ ಬೀರು ತೆರೆದಿದ್ದಾಗ ಆಗಿನ್ನೂ ಚಿಕ್ಕವಳಾಗಿದ್ದ ಇವಳು ಕೈ ಚಾಚಿದಳು, ತಾಯಿ ಆ ಕೈಗೇ ಒಂದು ಏಟು ಕೊಟ್ಟರು. ಈ ಕತೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಕಣ್ಣು ಮುಚ್ಚಿಕೊಂಡು ಆ ಕಪ್ಪಿನ ಚಿತ್ರ ಬರೆಯಬಲ್ಲೆ.

ಉಗುರಿನಿಂದ ತಟ್ಟಿದಳು, ಗಂಟೆಯ ಹಾಗೆ ಸದ್ದು ಬಂತು. ನೀರು ಬಗ್ಗಿಸಿದಳು, ಒಂದು ಹನಿಯೂ ಜಾರಲಿಲ್ಲ. ಬೆರಳಿನ ಸರದಿ. ಹಿಡಿಕೆ ಚಿಕ್ಕದು ಎಂದು ನೋಡಿದರೇ ತಿಳಿಯುತ್ತಿತ್ತು. ಬೇರೆ ಯಾವ ದಿನವಾದರೂ ಅಲ್ಲಿಗೇ ಬಿಟ್ಟುಬರುತ್ತಿದ್ದಳು. ಅವತ್ತು ಒತ್ತಿದಳು. ಬೆರಳು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಹಿಡಿಕೆಯ ಗಂಟು ಬೆರಳಿನ ಗಂಟಿಗೆ ಕೊಕ್ಕೆ ಹಾಕಿದಂತೆ ಕೂತುಬಿಟ್ಟಿತ್ತು.

ಅಂಗಡಿಯವನು ಸೋಪಿನ ನೀರು ತಂದ. ಇವಳು ಎಳೆದಳು, ಅವನು ಉಸಿರು ಬಿಗಿಹಿಡಿದ. ನಿಧಾನ ಅಮ್ಮ, ಒಂದು ಒಡೆದರೆ ಮಿಕ್ಕ ಐದನ್ನು ಯಾರೂ ಮುಟ್ಟುವುದಿಲ್ಲ ಎಂದ. ರಿಟೈರಾದ ಮೇಷ್ಟ್ರೊಬ್ಬರು ನಿನ್ನೆಯೇ ನೋಡಿ ಹೋಗಿದ್ದಾರೆ, ಇವತ್ತು ಕೊಳ್ಳಲು ಬರುತ್ತಾರೆ ಎಂದೂ ಹೇಳಿದ. ಎರಡು ದಿನ ಯಾರಿಗೂ ಕೊಡದೆ ಇಟ್ಟಿರುತ್ತೀಯಾ ಎಂದು ಇವಳು ಕೇಳಿದ್ದಕ್ಕೆ, ಮೊದಲು ಬಂದವರಿಗೆ ಮೊದಲು ಎಂದುಬಿಟ್ಟ.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಎಳೆಯುತ್ತಿದ್ದ ಕೈ ಸಡಿಲವಾಯಿತು. ನನಗೆ ಕಂಡಿತು. ಅಂಗಡಿಯವನಿಗೆ ಕಾಣಲಿಲ್ಲ.

ಹೋದ ವರ್ಷ ಬೆರಳು ಊದಿ ನನ್ನ ಉಂಗುರ ಸಿಕ್ಕಿಕೊಂಡಿದ್ದಾಗ, ಬೆರಳಿಗೆ ಒತ್ತಾಗಿ ದಾರ ಸುತ್ತಿ ಚಿಟಿಕೆ ಹೊಡೆಯುವಷ್ಟರಲ್ಲಿ ಜಾರಿಸಿ ತೆಗೆದವಳು ಇವಳೇ. ಅದು ನೆನಪಾಗಿ ಬಾಯಿ ತೆಗೆದೆ. "ಅಲ್ಲ ಕಣೇ, ದಾರ..."

ಅವಳ ಹಿಮ್ಮಡಿ ನನ್ನ ಪಾದದ ಮೇಲೆ ಕೂತಿತು. ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಮೇಷ್ಟ್ರು ಬಂದೇ ಬಂದರು. ಮೇಜಿನ ಮೇಲೆ ಐದು, ಇವಳ ಬೆರಳಿನಲ್ಲಿ ಒಂದು. ಕನ್ನಡಕ ಮೇಲೆತ್ತಿ ನೋಡಿದರು, ಕೆಳಗಿಳಿಸಿ ನೋಡಿದರು.

"ಸ್ವಲ್ಪ ಕೈ ಒದರಿ ನೋಡಿ ತಾಯಿ."

"ಒದರಿದ್ರೆ ಬೆರಳು ಬರುತ್ತೆ ಸಾರ್, ಕಪ್ಪು ಬರಲ್ಲ."

ಮೇಷ್ಟ್ರು ಒಂದು ಕಪ್ಪು ಕಡಿಮೆಯಿರುವ ಸೆಟ್ಟು ಕೊಳ್ಳುವವರಲ್ಲ. ನಾಳೆ ಬರುತ್ತೇನೆ ಎಂದು ಹೊರಟರು. ಅಂಗಡಿಯವನು ಇವಳನ್ನು ಕಪ್ಪಿನ ಸಮೇತ ಕಳಿಸಿಕೊಡಬೇಕಾಯಿತು. ಅದಕ್ಕೆ ಬದಲಾಗಿ ನನ್ನ ಮುರುಕು ಛತ್ರಿಯನ್ನು ಒತ್ತೆ ಇಟ್ಟುಕೊಂಡ. ಬಸ್ಸಿನಲ್ಲಿ ನನಗೆ ಯಾರೂ ಜಾಗ ಬಿಡಲಿಲ್ಲ, ಕಪ್ಪಿಗೆ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು.

ಮೈದುನ ಬಾಗಿಲಲ್ಲೇ ನಿಂತು ನೋಡಿದ. "ಇದು ಮನೆಯೊಳಗೆ ಬಂದ ಲೆಕ್ಕವೋ, ಹೊರಗಿರೋ ಲೆಕ್ಕವೋ?"

"ಬೆರಳಲ್ಲಿದೆ. ಮನೇಲಿಲ್ಲ."

ಅವನು ಗೋಡೆಯ ಕಡೆ ತಿರುಗಿದ. ಹೆಗಲು ಕುಣಿಯುತ್ತಿತ್ತು. ಆಮೇಲೆ ಏನೋ ಉಳಿ ಮಸೆಯುವುದಿದೆ ಎಂದು ಹಿತ್ತಲಿಗೆ ಹೋದ.

ಇನ್ನು ಒಂದು ಸೆಟ್ಟನ್ನು ಹೊರಗೆ ಕಳಿಸಬೇಕು. ಯಾವುದನ್ನು? ಅವಳು ಹಲಗೆಗಳ ಮುಂದೆ ನಿಂತಳು. ನೀಲಿ ಗೆರೆಯದನ್ನು ಇಳಿಸಿದಳು. ಅದು ಮೊದಲ ಸಂಪಾದನೆಯದು, ಮೇಲಕ್ಕೆ ಹೋಯಿತು. ಮುಚ್ಚಳ ಚೂರಾಗಿದ್ದುದನ್ನು ಇಳಿಸಿದಳು. ಊನವಿರುವುದನ್ನು ಬೇರೆಯವರು ಜೋಪಾನ ಮಾಡುವುದಿಲ್ಲ ಎಂದು ಅದೂ ಮೇಲಕ್ಕೆ. ಸಂಜೆಯವರೆಗೆ ಇಳಿಸಿದ್ದೂ ಹತ್ತಿಸಿದ್ದೂ. ಬೆರಳು ಕೆಂಪಗಾಗಿತ್ತು. ನಗು ಯಾವಾಗಲೋ ಇಂಗಿಹೋಗಿತ್ತು. ಕೊನೆಗೆ ನನ್ನ ಪಕ್ಕದಲ್ಲಿ ಬಂದು ಕೂತಳು.

"ಬಿಡಿ ಅಕ್ಕ. ನಾಳೆ ಹೋಗಿ ಕೊಟ್ಟು ಬರ್ತೀನಿ. ಮೇಷ್ಟ್ರೇ ತಗೊಳ್ಲಿ."

ಇಷ್ಟು ವರ್ಷ ಅವಳ ಕಪ್ಪುಗಳನ್ನು ಆಡಿಕೊಂಡೇ ಬಂದವಳು ನಾನು. ಆದರೂ ಆ ಸಣ್ಣ ದನಿ ಕೇಳಿ ನನ್ನ ಬಾಯಿಗೆ ಏನಾಯಿತೋ.

"ಮಾತು ಕೊಟ್ಟವಳು ನೀನು. ನಾನು ಯಾವ ಮಿಷನ್ನಿನ ಮೇಲೂ ಕೈ ಇಟ್ಟಿಲ್ಲ. ನಾನೇ ಕೊಳ್ತೀನಿ ಕಣೇ. ನನ್ನ ಮನೇಲೇ ಇರ್ಲಿ."

ನನ್ನ ಮಾತು ಮುಗಿಯುವುದರೊಳಗೆ ಅವಳು ಮಡಿಲಿನಿಂದ ದಾರದ ಉಂಡೆ ಮತ್ತು ಸೂಜಿ ತೆಗೆದಳು. "ಈ ತುದಿ ಹಿಡ್ಕೊಳ್ಳಿ ಅಕ್ಕ."

ಹಿಡಿಕೆಯ ಕೆಳಗೆ ದಾರ ತೂರಿಸಿ, ಬೆರಳಿಗೆ ಸುತ್ತಿ, ಸುತ್ತಿದ್ದನ್ನು ಬಿಚ್ಚುತ್ತ ಬಂದಂತೆ ಕಪ್ಪು ತಾನಾಗಿ ಜಾರಿ ನನ್ನ ಮಡಿಲಿಗೆ ಬಂತು. ಆ ಉಂಡೆ ಅವಳ ಮಡಿಲಿಗೆ ಯಾವಾಗ ಬಂದಿತ್ತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮರುದಿನ ಅಂಗಡಿಯವನು ಬಾಗಿಲು ತೆಗೆಯುವ ಮುಂಚೆಯೇ ಅಲ್ಲಿ ನಿಂತಿದ್ದೆವು. ಸೆಟ್ಟು ನನ್ನದಾಯಿತು. ಛತ್ರಿಯೂ ವಾಪಸ್ಸು ಬಂತು, ಮುರುಕಾಗಿಯೇ. ಸೆಟ್ಟನ್ನು ತೊಳೆಯಲು ಮಾತ್ರ ನನಗೆ ಅಪ್ಪಣೆಯಿಲ್ಲ. ದಿನವೂ ಹೊಲಿಗೆ ನಿಲ್ಲಿಸಿ ಬಂದು ಅವಳೇ ತೊಳೆಯುತ್ತಾಳೆ. ನನ್ನ ಸಣಕಲು ಬೆರಳು ಆ ಹಿಡಿಕೆಗೆ ಹೇಳಿ ಮಾಡಿಸಿದಂತಿದೆ. ಅವಳು ಮತ್ತೆ ಅದರೊಳಗೆ ಬೆರಳು ಹಾಕುವ ಸಾಹಸ ಮಾಡಿಲ್ಲ. ಕಪ್ಪನ್ನು ಎರಡು ಅಂಗೈಯಲ್ಲಿ ಬೆಕ್ಕಿನ ಮರಿಯ ಹಾಗೆ ಹಿಡಿದು ಕುಡಿಯುತ್ತಾಳೆ. ಸ್ಟೀಲ್ ಲೋಟ ಈಗ ಹೂವಿನ ಕುಂಡಕ್ಕೆ ನೀರು ಹಾಕುತ್ತಿದೆ.

ಮೊನ್ನೆ ಮೈದುನ ಹೆಂಡತಿಯ ಜೊತೆ ಅಳತೆಯ ಟೇಪು ಹಿಡಿದು ಬಂದ. ಹಸಿರು ಕಪ್ಪಿನಲ್ಲಿ ಟೀ ಕುಡಿದ, ಎಲ್ಲೋ ನೋಡಿದ ಹಾಗಿದೆ ಎಂದ. ಆಮೇಲೆ ನನ್ನ ಗೋಡೆಗೆ ಟೇಪು ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದ.

"ಇಲ್ಲಿ ಮೂರು ಹಲಗೆ ಕೂರುತ್ತೆ ಅತ್ತಿಗೆ."

"ಒಂದು ಸೆಟ್ಟಿಗೆ ಮೂರು ಹಲಗೆ ಯಾಕಪ್ಪ?"

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯಾಚೆ ಏನೋ ನೋಡುತ್ತಿದ್ದಳು. ನಾನು ಇನ್ನೇನು ಮತ್ತೆ ಕೇಳಬೇಕು, ಅಷ್ಟರಲ್ಲಿ ಮೇಜಿನ ಕೆಳಗೆ ಪಾದದ ಮೇಲೆ ಹಿಮ್ಮಡಿ ಬಂದು ಕೂತಿತು.